ನಿಮ್ಮ ಬಾಸ್ಕೆಟ್‌ಬಾಲ್ ತಂಡ ನಿಜಕ್ಕೂ ಹೇಗೆ ಆಡುತ್ತಿದೆ? ವರ್ಜೀನಿಯಾ ತಂಡವನ್ನು ಇಟ್ಟುಕೊಂಡು ಲೆಕ್ಕ ಹಾಕುವ ಬಗೆ

2018ರ ಮಾರ್ಚ್ 17, ಶನಿವಾರ ಬೆಳಿಗ್ಗೆ. ಅಮೆರಿಕದಲ್ಲಿ ಆಗ ಇನ್ನೂ ಶುಕ್ರವಾರ ರಾತ್ರಿ. ಶಾರ್ಲಟ್ ನಗರದಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎ ನಡೆಸುವ ಪುರುಷರ ಟೂರ್ನಿಯ ಮೊದಲ ಪಂದ್ಯ ಆಡುತ್ತಿತ್ತು. ಆ ವರ್ಷ ಅಲ್ಲಿಯವರೆಗೆ 31 ಪಂದ್ಯ ಗೆದ್ದು ಬರೀ 2 ಸೋತಿದ್ದ ತಂಡ. ಇಡೀ ಟೂರ್ನಿಗೇ ನಂಬರ್ 1 ಶ್ರೇಯಾಂಕ. ಎದುರಿಗೆ ಇದ್ದದ್ದು 16ನೇ ಶ್ರೇಯಾಂಕದ, ಅಂದರೆ ತನ್ನ ಗುಂಪಿನಲ್ಲಿ ಕಟ್ಟಕಡೆಯ ಶ್ರೇಯಾಂಕದ ಯುಎಂಬಿಸಿ. ನಮ್ಮ ಕಡೆಯ ಎಷ್ಟೋ ಹುಡುಗ ಹುಡುಗಿಯರು ಮಾಸ್ಟರ್ಸ್ ಓದಲು ಹೋಗುವ ಬಾಲ್ಟಿಮೋರ್ ಪಕ್ಕದ ಕಾಲೇಜು ಅದು. ಅರ್ಧ ಆಟಕ್ಕೆ 21-21. ಆಟ ಮುಗಿದಾಗ ಯುಎಂಬಿಸಿ 74, ವರ್ಜೀನಿಯಾ 54. ಪುರುಷರ ಟೂರ್ನಿಯಲ್ಲಿ ಅದಕ್ಕೂ ಮುಂಚೆ 1ನೇ ಶ್ರೇಯಾಂಕದವರು 16ನೇ ಶ್ರೇಯಾಂಕದವರ ಜೊತೆ 135 ಬಾರಿ ಆಡಿದ್ದರು. 135ಕ್ಕೆ 135 ಗೆದ್ದಿದ್ದರು.

ನಾನು ವರ್ಜೀನಿಯಾ ಅಭಿಮಾನಿ. ಆವತ್ತು ತುಂಬಾ ಬೇಜಾರಾಯಿತು. ಮುಂದಿನ ಕೆಲವು ವಾರ ಕೇಳಿದ ಮಾತು ಒಂದೇ: ಈ ತಂಡ ತೀರಾ ನಿಧಾನ, ಪಾಯಿಂಟ್ ಹಾಕೋಕೆ ಬರಲ್ಲ, ಇಂಥ ಆಟದಿಂದ ಕಪ್ ಗೆಲ್ಲೋಕಾಗಲ್ಲ. ಆ ಮಾತು ನಿಜವಾ ಸುಳ್ಳಾ ಅಂತ ನೋಡಲು ನಾನು ಲೆಕ್ಕಕ್ಕೆ ಕೂತೆ. ಮರುವರ್ಷ 2019ರ ಏಪ್ರಿಲ್ 8ರಂದು ಮಿನಿಯಾಪೊಲಿಸ್‌ನಲ್ಲಿ ಅದೇ ಕೋಚ್ ಟೋನಿ ಬೆನೆಟ್, ಅದೇ ನಿಧಾನದ ಆಟ, ಬಹುಪಾಲು ಅದೇ ಹುಡುಗರು ಚಾಂಪಿಯನ್ ಆದರು. ಲೆಕ್ಕ ಇಟ್ಟವರಿಗೆ ಅದು ಪವಾಡ ಅನ್ನಿಸಲಿಲ್ಲ.

ಆ ಲೆಕ್ಕ ಹೇಗೆ ಇಡುವುದು ಅಂತ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಕೂಡು, ಕಳೆ, ಭಾಗಿಸು ಬಂದರೆ ಸಾಕು. ಉದಾಹರಣೆಗಳು ವರ್ಜೀನಿಯಾದವು. ನಿಮ್ಮ ತಂಡ ಯಾವುದಾದರೂ ವಿಧಾನ ಇದೇ.

ಹಂತ 1: ಒಂದು ಪ್ರಶ್ನೆ ಬರೆದುಕೊಳ್ಳಿ

ಅಂಕಿಅಂಶ ಸುಮ್ನೆ ಗುಡ್ಡೆ ಹಾಕಿದರೆ ಏನೂ ಹೊರಡುವುದಿಲ್ಲ. ಹಾಳೆಯ ಮೇಲ್ಗಡೆ ಒಂದೇ ಪ್ರಶ್ನೆ ಬರೆಯಿರಿ. ನನ್ನದು ಹೀಗಿತ್ತು: "ವರ್ಜೀನಿಯಾ ಪಾಯಿಂಟ್ ಹಾಕುವುದರಲ್ಲಿ ದುರ್ಬಲವಾ, ಅಥವಾ ನಿಧಾನ ಮಾತ್ರವಾ?" ನಿಮ್ಮದು "ಹೊಸ ಪಾಯಿಂಟ್ ಗಾರ್ಡ್ (ಚೆಂಡು ಮುಂದೆ ತಂದು ಆಟ ನಡೆಸುವವನು) ಬಂದಮೇಲೆ ಚೆಂಡು ಕಳೆದುಕೊಳ್ಳುವುದು ಕಡಿಮೆಯಾಯಿತಾ?" ಅಂತ ಇರಬಹುದು. "ಹೌದು" ಅಥವಾ "ಇಲ್ಲ" ಅಂತ ಉತ್ತರ ಹೇಳುವ ಹಾಗೆ ಪ್ರಶ್ನೆ ಇರಲಿ.

ಹಂತ 2: ಬಾಕ್ಸ್ ಸ್ಕೋರ್ ಹಾಳೆಗೆ ಇಳಿಸಿ

ಅಮೆರಿಕದ ಕಾಲೇಜು ಪಂದ್ಯಗಳ ಬಾಕ್ಸ್ ಸ್ಕೋರ್, ಅಂದರೆ ಪಂದ್ಯದ ಅಂಕಿಅಂಶದ ಪಟ್ಟಿ, ಆಯಾ ಕಾಲೇಜಿನ ಕ್ರೀಡಾ ವಿಭಾಗದ ಜಾಲತಾಣದಲ್ಲೂ ಎನ್‌ಸಿಎಎ ತಾಣದಲ್ಲೂ ಪುಕ್ಕಟೆ ಸಿಗುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಪಂದ್ಯಕ್ಕೆ ಒಂದು ಸಾಲು. ನಮ್ಮ ತಂಡಕ್ಕೆ ಈ ಕಾಲಂಗಳು ಬೇಕು: ಪಾಯಿಂಟ್, ಶಾಟ್ ಪ್ರಯತ್ನ, ಹಾಕಿದ ಬಾಸ್ಕೆಟ್, ತ್ರೀ ಪಾಯಿಂಟರ್ (ದೂರದಿಂದ ಹೊಡೆಯುವ ಮೂರು ಪಾಯಿಂಟಿನ ಶಾಟ್) ಪ್ರಯತ್ನ, ಹಾಕಿದ ತ್ರೀ ಪಾಯಿಂಟರ್, ಫ್ರೀ ಥ್ರೋ (ಫೌಲ್‌ಗೆ ಸಿಗುವ ಒಂದು ಪಾಯಿಂಟಿನ ಶಾಟ್) ಪ್ರಯತ್ನ, ಹಾಕಿದ ಫ್ರೀ ಥ್ರೋ, ಆಫೆನ್ಸಿವ್ ರೀಬೌಂಡ್ (ತಮ್ಮದೇ ತಪ್ಪಿದ ಶಾಟ್ ಹಿಡಿದದ್ದು), ಡಿಫೆನ್ಸಿವ್ ರೀಬೌಂಡ್ (ಎದುರಾಳಿಯ ತಪ್ಪಿದ ಶಾಟ್ ಹಿಡಿದದ್ದು), ಟರ್ನೋವರ್ (ಚೆಂಡು ಕಳೆದುಕೊಂಡದ್ದು). ಎದುರಾಳಿಗೂ ಇವೇ ಕಾಲಂಗಳು. ಎದುರಾಳಿಯದ್ದು ಯಾಕೆ ಅಂತ ಬಿಟ್ಟುಬಿಡಬೇಡಿ. ಡಿಫೆನ್ಸ್ ಲೆಕ್ಕ ಪೂರ್ತಿ ಅಲ್ಲಿಂದಲೇ ಬರುತ್ತದೆ.

ಇದರ ಜೊತೆ ಇನ್ನೆರಡು ಕಾಲಂ. ಒಂದು, ಪಂದ್ಯ ತವರಿನಲ್ಲಾ, ಹೊರಗಾ, ತಟಸ್ಥ ಅಂಗಣದಲ್ಲಾ? ಎರಡು, ಓವರ್‌ಟೈಮ್ ಆಯಿತಾ? ಕಾಲೇಜು ಪುರುಷರ ಆಟ 20 ನಿಮಿಷದ ಎರಡು ಭಾಗ, ಒಟ್ಟು 40 ನಿಮಿಷ. ಓವರ್‌ಟೈಮ್ ಅಂದರೆ ಸ್ಕೋರ್ ಸಮ ಆದಾಗ ಇನ್ನೂ 5 ನಿಮಿಷ. 45 ನಿಮಿಷ ಆಡಿದ ಪಂದ್ಯದ 80 ಪಾಯಿಂಟನ್ನು 40 ನಿಮಿಷದ 80 ಜೊತೆ ಹೋಲಿಸಿದರೆ ತಪ್ಪಾಗುತ್ತದೆ.

ಬಾಕ್ಸ್ ಸ್ಕೋರ್‌ನಲ್ಲಿ ಆಟಗಾರರ ಹೆಸರಿನ ಕೆಳಗೆ "ತಂಡ" ಅಂತ ಒಂದು ಸಾಲು ಇರುತ್ತದೆ. ಯಾರ ಹೆಸರಿಗೂ ಸೇರದ ರೀಬೌಂಡ್, ಟರ್ನೋವರ್ ಅಲ್ಲಿ ಇರುತ್ತವೆ. ಆಟಗಾರರ ಅಂಕಿ ಮಾತ್ರ ಕೂಡಿದರೆ ಇವು ತಪ್ಪಿಹೋಗುತ್ತವೆ. ಯಾವಾಗಲೂ ಕೊನೆಯ ಒಟ್ಟು ಸಾಲಿನಿಂದಲೇ ತೆಗೆದುಕೊಳ್ಳಿ.

ಹಂತ 3: ಪೊಸೆಷನ್ ಎಣಿಸಿ

ಇಡೀ ಲೆಕ್ಕದ ಬೇರು ಇದು. ಇದೊಂದು ಅರ್ಥವಾದರೆ ಉಳಿದದ್ದು ತಾನಾಗೇ ಬರುತ್ತದೆ.

ಕ್ರಿಕೆಟ್ ನೋಡುವವರಿಗೆ ಇದು ಗೊತ್ತಿರುವ ವಿಷಯವೇ. ಒಂದು ತಂಡ 160 ರನ್ ಹೊಡೆಯಿತು, ಇನ್ನೊಂದು 260 ಹೊಡೆಯಿತು. ಯಾವುದು ಚೆನ್ನಾಗಿ ಹೊಡೆಯಿತು ಅಂತ ಕೇಳಿದರೆ ನೀವು ಮೊದಲು ಕೇಳುವುದು "ಎಷ್ಟು ಓವರ್‌ನಲ್ಲಿ?" ಅಂತ, ಅಲ್ವಾ? 20 ಓವರ್‌ನಲ್ಲಿ 160 ಅಂದರೆ ಓವರಿಗೆ 8. 50 ಓವರ್‌ನಲ್ಲಿ 260 ಅಂದರೆ ಓವರಿಗೆ 5.2. ಬಾಸ್ಕೆಟ್‌ಬಾಲ್‌ನಲ್ಲಿ ಓವರಿನ ಜಾಗದಲ್ಲಿ ಇರುವುದು ಪೊಸೆಷನ್. ಚೆಂಡು ನಮ್ಮ ಕೈಗೆ ಬಂದಾಗಿನಿಂದ ಎದುರಾಳಿ ಕೈಗೆ ಹೋಗುವವರೆಗೆ ಒಂದು ಸರದಿ. ತೊಡಕು ಏನೆಂದರೆ ಓವರ್‌ಗಳು ಸ್ಕೋರ್‌ಬೋರ್ಡ್ ಮೇಲೇ ಕಾಣುತ್ತವೆ, ಪೊಸೆಷನ್ ಕಾಣುವುದಿಲ್ಲ. ಬಾಕ್ಸ್ ಸ್ಕೋರ್‌ನಲ್ಲೂ ಬರೆದಿರುವುದಿಲ್ಲ. ನಾವೇ ಹೊರತೆಗೆಯಬೇಕು.

ಸೂತ್ರ ಇದು:

ಪೊಸೆಷನ್ = ಶಾಟ್ ಪ್ರಯತ್ನ − ಆಫೆನ್ಸಿವ್ ರೀಬೌಂಡ್ + ಟರ್ನೋವರ್ + (0.475 × ಫ್ರೀ ಥ್ರೋ ಪ್ರಯತ್ನ)

ಉರು ಹೊಡೆಯಬೇಡಿ, ಯಾಕೆ ಹೀಗೆ ಅಂತ ನೋಡಿ. ಒಂದು ಸರದಿ ಮುಗಿಯುವ ದಾರಿ ಮೂರೇ: ಶಾಟ್ ಹೊಡೆಯುವುದು, ಚೆಂಡು ಕಳೆದುಕೊಳ್ಳುವುದು, ಇಲ್ಲ ಫ್ರೀ ಥ್ರೋಗೆ ಹೋಗುವುದು. ಶಾಟ್ ತಪ್ಪಿ ನಾವೇ ರೀಬೌಂಡ್ ಹಿಡಿದರೆ ಸರದಿ ಮುಗಿಯಲಿಲ್ಲ, ಮುಂದುವರಿಯಿತು. ಅದಕ್ಕೆ ಆಫೆನ್ಸಿವ್ ರೀಬೌಂಡನ್ನು ಕಳೆಯುತ್ತೇವೆ. ಸಾಮಾನ್ಯವಾಗಿ ಎರಡು ಫ್ರೀ ಥ್ರೋ ಸೇರಿ ಒಂದು ಸರದಿ. ಹಾಗಾದರೆ 0.5 ಇರಬೇಕಿತ್ತು. ಆದರೆ ಕೆಲವೊಮ್ಮೆ ಬಾಸ್ಕೆಟ್ ಹಾಕುವಾಗಲೇ ಫೌಲ್ ಆಗಿ ಒಂದೇ ಫ್ರೀ ಥ್ರೋ ಸಿಗುತ್ತದೆ. ಆ ಸರದಿ ಶಾಟ್ ಪ್ರಯತ್ನದಲ್ಲಿ ಆಗಲೇ ಎಣಿಕೆಯಾಗಿರುತ್ತದೆ. ಕಾಲೇಜು ಪುರುಷರ ಆಟದಲ್ಲಿ ಇನ್ನೊಂದು ನಿಯಮವೂ ಇದೆ: ಕೆಲವು ಫೌಲ್‌ಗಳಿಗೆ ಮೊದಲ ಫ್ರೀ ಥ್ರೋ ಹಾಕಿದರೆ ಮಾತ್ರ ಎರಡನೆಯದು. ಇವೆಲ್ಲ ಸೇರಿ ಸರಾಸರಿ 0.475ಕ್ಕೆ ಬರುತ್ತದೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಆಟಕ್ಕೆ 0.44 ಬಳಸುವುದು ರೂಢಿ.

ಅಭ್ಯಾಸಕ್ಕೆ ಒಂದು ಕಾಲ್ಪನಿಕ ಪಂದ್ಯ. ನಮ್ಮವರು 52 ಶಾಟ್ ಹೊಡೆದರು, 8 ಆಫೆನ್ಸಿವ್ ರೀಬೌಂಡ್ ಹಿಡಿದರು, 9 ಬಾರಿ ಚೆಂಡು ಕಳೆದುಕೊಂಡರು, 16 ಫ್ರೀ ಥ್ರೋ ಹೊಡೆದರು. 52 − 8 + 9 + 7.6 = 60.6. ಎದುರಾಳಿಗೆ 55 ಶಾಟ್, 10 ರೀಬೌಂಡ್, 8 ಟರ್ನೋವರ್, 12 ಫ್ರೀ ಥ್ರೋ. 55 − 10 + 8 + 5.7 = 58.7. ಚೆಂಡು ಒಬ್ಬರಾದ ಮೇಲೆ ಇನ್ನೊಬ್ಬರಿಗೆ ಹೋಗುವುದರಿಂದ ಇಬ್ಬರ ಸರದಿ ಹೆಚ್ಚುಕಡಿಮೆ ಒಂದೇ ಇರಬೇಕು. ಆದ್ದರಿಂದ ಎರಡರ ಸರಾಸರಿ ತೆಗೆದುಕೊಳ್ಳಿ: 59.7. ಇಬ್ಬರ ನಡುವೆ 4 ಅಥವಾ 5ರಷ್ಟು ವ್ಯತ್ಯಾಸ ಬಂದರೆ ಎಲ್ಲೋ ಅಂಕಿ ತಪ್ಪಾಗಿ ಬರೆದುಕೊಂಡಿದ್ದೀರಿ. ವಾಪಸ್ ಹೋಗಿ ನೋಡಿ.

ಹಂತ 4: ನೂರು ಪೊಸೆಷನ್‌ಗೆ ಎಷ್ಟು?

ಪಾಯಿಂಟನ್ನು ಪೊಸೆಷನ್‌ನಿಂದ ಭಾಗಿಸಿ ನೂರರಿಂದ ಗುಣಿಸಿ. ಮೇಲಿನ ಪಂದ್ಯದಲ್ಲಿ ನಾವು 66-58ರಿಂದ ಗೆದ್ದೆವು ಅಂದುಕೊಳ್ಳಿ. ನಮ್ಮದು ನೂರು ಪೊಸೆಷನ್‌ಗೆ 110.6. ಎದುರಾಳಿಯದ್ದು 97.2. ವ್ಯತ್ಯಾಸ 13.4. ಸೀಸನ್ ಪೂರ್ತಿ ನೀವು ಕಣ್ಣಿಡಬೇಕಾದ ಅಂಕಿ ಈ ವ್ಯತ್ಯಾಸ.

ಈಗ ವರ್ಜೀನಿಯಾಕ್ಕೆ ಬನ್ನಿ. 2018-19ರಲ್ಲಿ ತಂಡ ಪಂದ್ಯಕ್ಕೆ ಸರಾಸರಿ 71 ಪಾಯಿಂಟ್ ಆಸುಪಾಸು ಹಾಕುತ್ತಿತ್ತು. ಪಟ್ಟಿಯಲ್ಲಿ ನೋಡಿದರೆ ಸಾಧಾರಣ ಅಂಕಿ. ಆದರೆ ವೇಗದಲ್ಲಿ ವರ್ಜೀನಿಯಾ ಕಾಲೇಜು ಆಟದ ಮೇಲಿನ ದರ್ಜೆಯಾದ ಡಿವಿಷನ್ 1ರ 353 ತಂಡಗಳಲ್ಲಿ ಕಟ್ಟಕಡೆಯದು. ಪಂದ್ಯಕ್ಕೆ ಸುಮಾರು 60 ಪೊಸೆಷನ್ ಮಾತ್ರ. ಬೇರೆ ಎಷ್ಟೋ ತಂಡಗಳು 70 ದಾಟುತ್ತಿದ್ದವು. ನೂರು ಪೊಸೆಷನ್ ಲೆಕ್ಕಕ್ಕೆ ತಂದರೆ ಅದೇ "ಪಾಯಿಂಟ್ ಹಾಕೋಕೆ ಬರದ" ತಂಡ ದೇಶದ ಅತ್ಯುತ್ತಮ ಮೂರು ಆಫೆನ್ಸ್‌ಗಳಲ್ಲಿ ಒಂದು! ಡಿಫೆನ್ಸ್‌ನಲ್ಲೂ ಮೊದಲ ಸಾಲು. ನನ್ನ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತ್ತು. ತಂಡ ನಿಧಾನ, ದುರ್ಬಲ ಅಲ್ಲ.

ಆದರೆ ನಿಧಾನಕ್ಕೂ ಒಂದು ಬೆಲೆ ಇದೆ, ಅದನ್ನು ಮುಚ್ಚಿಡಬಾರದು. ಪೊಸೆಷನ್ ಕಡಿಮೆ ಆದಷ್ಟೂ ಅದೃಷ್ಟದ ಪಾಲು ಜಾಸ್ತಿ. ಬಲಿಷ್ಠ ತಂಡಕ್ಕೆ ತನ್ನ ಬಲ ತೋರಿಸಲು ಸಿಗುವ ಅವಕಾಶ ಕಡಿಮೆ. 60 ಸರದಿಯಲ್ಲಿ ಎದುರಾಳಿಗೆ ಹತ್ತು ಶಾಟ್ ಅದೃಷ್ಟದಿಂದ ಬಿದ್ದರೆ ಹಿಂದೆ ಬರುವುದು ಕಷ್ಟ. 75 ಸರದಿ ಇದ್ದರೆ ಸಮಯ ಇರುತ್ತದೆ.

ಹಂತ 5: ಗೆಲುವನ್ನು ನಾಲ್ಕು ತುಂಡು ಮಾಡಿ

ತಂಡ ಚೆನ್ನಾಗಿದೆ ಅಂತ ಗೊತ್ತಾಯಿತು. ಯಾವುದರಲ್ಲಿ ಚೆನ್ನಾಗಿದೆ? ಇದಕ್ಕೆ ಡೀನ್ ಆಲಿವರ್ ಅನ್ನುವ ಅಮೆರಿಕದ ವಿಶ್ಲೇಷಕರು ಹಾಕಿಕೊಟ್ಟ ದಾರಿ ಇದೆ. ಶೂಟಿಂಗ್, ಟರ್ನೋವರ್, ಆಫೆನ್ಸಿವ್ ರೀಬೌಂಡ್, ಫ್ರೀ ಥ್ರೋ. ಇವುಗಳಿಗೆ ಅವರು ಕೊಟ್ಟ ತೂಕ ಕ್ರಮವಾಗಿ ನೂರಕ್ಕೆ 40, 25, 20, 15. ತೂಕದ ಬಗ್ಗೆ ವಾದ ಮಾಡಬಹುದು. ಶೂಟಿಂಗ್ ಎಲ್ಲಕ್ಕಿಂತ ದೊಡ್ಡದು ಅನ್ನುವುದರಲ್ಲಿ ವಾದ ಇಲ್ಲ.

ಶೂಟಿಂಗ್‌ಗೆ ಬರೀ ಶೇಕಡಾ ನೋಡಬೇಡಿ. ಮೂರು ಪಾಯಿಂಟಿನ ಬಾಸ್ಕೆಟ್ ಎರಡು ಪಾಯಿಂಟಿನದಕ್ಕಿಂತ ಒಂದೂವರೆ ಪಟ್ಟು ಬೆಲೆಯದು. ಅದಕ್ಕೆ ಎಫೆಕ್ಟಿವ್ ಫೀಲ್ಡ್ ಗೋಲ್ ಅನ್ನುವ ಅಂಕಿ ಬಳಸುತ್ತಾರೆ: ಹಾಕಿದ ಒಟ್ಟು ಬಾಸ್ಕೆಟ್‌ಗೆ ತ್ರೀ ಪಾಯಿಂಟರ್‌ಗಳ ಅರ್ಧ ಕೂಡಿ, ಶಾಟ್ ಪ್ರಯತ್ನದಿಂದ ಭಾಗಿಸಿ. ಯುಎಂಬಿಸಿ ಆವತ್ತು ಹೊಡೆದದ್ದು 48 ಶಾಟ್, ಹಾಕಿದ್ದು 26, ಅದರಲ್ಲಿ 12 ತ್ರೀ ಪಾಯಿಂಟರ್. 26 + 6 = 32. ಅದನ್ನು 48ರಿಂದ ಭಾಗಿಸಿದರೆ ಶೇ. 66.7. ಕಾಲೇಜು ತಂಡಗಳ ಸಾಮಾನ್ಯ ಮಟ್ಟ ಶೇ. 50ರ ಸುತ್ತಮುತ್ತ. ವರ್ಜೀನಿಯಾ ಆ ಸೀಸನ್ನಿನಲ್ಲಿ ಪಂದ್ಯಕ್ಕೆ ಸುಮಾರು 54 ಪಾಯಿಂಟ್ ಮಾತ್ರ ಬಿಟ್ಟುಕೊಡುತ್ತಿತ್ತು, ದೇಶದಲ್ಲೇ ಕಡಿಮೆ. ಯುಎಂಬಿಸಿ ಎರಡನೇ ಅರ್ಧದಲ್ಲೇ 53 ಹಾಕಿತು.

ಟರ್ನೋವರ್‌ಗೆ ಟರ್ನೋವರ್ ÷ ಪೊಸೆಷನ್. ನಮ್ಮ ಅಭ್ಯಾಸದ ಪಂದ್ಯದಲ್ಲಿ 9 ÷ 59.7, ಶೇ. 15. ಆಫೆನ್ಸಿವ್ ರೀಬೌಂಡ್‌ಗೆ ನಮ್ಮ ಆಫೆನ್ಸಿವ್ ರೀಬೌಂಡನ್ನು, ಅದರ ಜೊತೆ ಎದುರಾಳಿಯ ಡಿಫೆನ್ಸಿವ್ ರೀಬೌಂಡ್ ಕೂಡಿದ ಮೊತ್ತದಿಂದ ಭಾಗಿಸಿ. ನಮ್ಮದು 8, ಅವರದು 24 ಇದ್ದರೆ 8 ÷ 32, ಶೇ. 25. ಬರೀ ರೀಬೌಂಡ್ ಸಂಖ್ಯೆ ನೋಡಿದರೆ ಜಾಸ್ತಿ ಶಾಟ್ ತಪ್ಪಿಸಿದ ತಂಡವೇ ರೀಬೌಂಡ್‌ನಲ್ಲಿ ಮುಂದೆ ಇದ್ದ ಹಾಗೆ ಕಾಣುತ್ತದೆ. ಫ್ರೀ ಥ್ರೋಗೆ ಹಾಕಿದ ಫ್ರೀ ಥ್ರೋ ÷ ಶಾಟ್ ಪ್ರಯತ್ನ.

ಈ ತುಂಡು ಮಾಡುವುದು ಎಷ್ಟು ಚಂದ ಅನ್ನುವುದಕ್ಕೆ 2019ರ ಫೈನಲ್ ನೋಡಿ. ವರ್ಜೀನಿಯಾ 85, ಟೆಕ್ಸಸ್ ಟೆಕ್ 77, ಓವರ್‌ಟೈಮ್‌ನಲ್ಲಿ. ಎರಡೂ ತಂಡ ಹಾಕಿದ ಬಾಸ್ಕೆಟ್ ಎಷ್ಟು ಗೊತ್ತಾ? 27 ಮತ್ತು 27. ಸಮ! ಹಾಗಾದರೆ 8 ಪಾಯಿಂಟ್ ಎಲ್ಲಿಂದ ಬಂತು? ವರ್ಜೀನಿಯಾದ 27ರಲ್ಲಿ 11 ತ್ರೀ ಪಾಯಿಂಟರ್, ಟೆಕ್ಸಸ್ ಟೆಕ್‌ನ 27ರಲ್ಲಿ 10. ಅಲ್ಲಿ ಒಂದು ಪಾಯಿಂಟ್. ಫ್ರೀ ಥ್ರೋ ವರ್ಜೀನಿಯಾ 20, ಟೆಕ್ಸಸ್ ಟೆಕ್ 13. ಅಲ್ಲಿ ಏಳು. ಒಟ್ಟು ಎಂಟು. ಓವರ್‌ಟೈಮ್ ಒಂದರಲ್ಲೇ ವರ್ಜೀನಿಯಾ 12ಕ್ಕೆ 12 ಫ್ರೀ ಥ್ರೋ ಹಾಕಿತು.

ಇನ್ನೊಂದು ಸೂಕ್ಷ್ಮ ಇದೆ. 27 ಬಾಸ್ಕೆಟ್‌ಗೆ ವರ್ಜೀನಿಯಾ ತೆಗೆದುಕೊಂಡದ್ದು 59 ಶಾಟ್, ಟೆಕ್ಸಸ್ ಟೆಕ್ 63. ಎಫೆಕ್ಟಿವ್ ಲೆಕ್ಕದಲ್ಲಿ ಶೇ. 55.1 ಮತ್ತು ಶೇ. 50.8. ಎಲ್ಲರೂ ವರ್ಜೀನಿಯಾದ ಡಿಆಂಡ್ರೆ ಹಂಟರ್ ಹಾಕಿದ 27 ಪಾಯಿಂಟ್ ಬಗ್ಗೆ ಮಾತಾಡಿದರು, ಅದು ಸರಿಯೇ. ಆ 12ಕ್ಕೆ 12 ಬಗ್ಗೆಯೂ ಅಷ್ಟೇ ಮಾತಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಹಂತ 6: ಎದುರಾಳಿ ಯಾರು?

ನವೆಂಬರ್, ಡಿಸೆಂಬರ್‌ನಲ್ಲಿ ದೊಡ್ಡ ಕಾಲೇಜುಗಳು ಸಣ್ಣ ಕಾಲೇಜುಗಳನ್ನು ತವರಿಗೆ ಕರೆಸಿ 30 ಪಾಯಿಂಟ್ ಅಂತರದಿಂದ ಗೆಲ್ಲುತ್ತವೆ. ಆ ಪಂದ್ಯಗಳನ್ನು ಜನವರಿಯಲ್ಲಿ ಬಲಿಷ್ಠ ಡ್ಯೂಕ್ ತಂಡದ ಎದುರಿನ ಪಂದ್ಯದ ಜೊತೆ ಒಂದೇ ಬುಟ್ಟಿಗೆ ಹಾಕಿ ಸರಾಸರಿ ತೆಗೆದರೆ ಅದಕ್ಕೆ ಅರ್ಥ ಇಲ್ಲ. 2019ರ ವರ್ಜೀನಿಯಾ ಇಡೀ ವರ್ಷ ಸೋತದ್ದು ಮೂರೇ ಪಂದ್ಯ. ಎರಡು ಡ್ಯೂಕ್ ಎದುರು, ಒಂದು ಫ್ಲಾರಿಡಾ ಸ್ಟೇಟ್ ಎದುರು. ಯಾರ ಕೈಲಿ ಸೋತರು ಅನ್ನುವುದರಲ್ಲೇ ಅರ್ಧ ವಿಷಯ ಇದೆ.

ಕೈಯಲ್ಲೇ ಮಾಡಬಹುದಾದ ಸರಳ ಹೊಂದಾಣಿಕೆ ಹೀಗೆ. ಒಂದು ಪಂದ್ಯದಲ್ಲಿ ನಾವು ನೂರು ಪೊಸೆಷನ್‌ಗೆ 112 ಹಾಕಿದೆವು. ಎದುರಾಳಿ ಉಳಿದ ಪಂದ್ಯಗಳಲ್ಲಿ ಸರಾಸರಿ 98 ಬಿಟ್ಟುಕೊಡುವ ಗಟ್ಟಿ ಡಿಫೆನ್ಸ್. ಎಲ್ಲ ತಂಡಗಳ ಸರಾಸರಿ 103 ಅಂತ ಇಟ್ಟುಕೊಳ್ಳಿ. ಎದುರಾಳಿ ಸರಾಸರಿಗಿಂತ 5 ಉತ್ತಮ, ಹಾಗಾಗಿ ನಮ್ಮ 112ಕ್ಕೆ 5 ಸೇರಿಸಿ: 117. ದುರ್ಬಲ ಡಿಫೆನ್ಸ್ ಆದರೆ ಕಳೆಯಿರಿ. ಹೀಗೆ ಎಲ್ಲ ಪಂದ್ಯಕ್ಕೂ ಮಾಡಿ ಸರಾಸರಿ ತೆಗೆಯಿರಿ. ಎದುರಾಳಿಯ ಆ 98 ಕೂಡ ಅವರು ಯಾರ ಜೊತೆ ಆಡಿದರು ಅನ್ನುವುದರ ಮೇಲೆ ನಿಂತಿದೆ. ಉತ್ಸಾಹ ಇದ್ದರೆ ಲೀಗ್‌ನ ಎಲ್ಲ ತಂಡಗಳಿಗೂ ಇದೇ ಲೆಕ್ಕ ಮಾಡಿ, ಹೊಸ ಅಂಕಿ ಇಟ್ಟುಕೊಂಡು ಮತ್ತೆ ಮಾಡಿ. ನಾಲ್ಕೈದು ಸುತ್ತಿಗೆ ಅಂಕಿಗಳು ಅಲುಗಾಡುವುದನ್ನು ನಿಲ್ಲಿಸುತ್ತವೆ.

ಅಷ್ಟು ತಾಳ್ಮೆ ಇಲ್ಲದಿದ್ದರೆ ಕೆನ್ ಪೊಮೆರಾಯ್ ಅವರ ರ‍್ಯಾಂಕಿಂಗ್ ನೋಡಿ. ಮೊದಲು ಹವಾಮಾನ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದವರು, ಆಮೇಲೆ ಕಾಲೇಜು ಬಾಸ್ಕೆಟ್‌ಬಾಲ್ ಲೆಕ್ಕವನ್ನೇ ವೃತ್ತಿ ಮಾಡಿಕೊಂಡರು. 2019ರಲ್ಲಿ ಅವರ ಪಟ್ಟಿಯಲ್ಲೂ ವರ್ಜೀನಿಯಾ ಮೊದಲ ಸ್ಥಾನದಲ್ಲಿತ್ತು.

ಎನ್‌ಸಿಎಎ ಕೂಡ ಈ ದಾರಿಗೆ ಬಂತು, ತಡವಾಗಿ. 1981ರಿಂದ ಬಳಸುತ್ತಿದ್ದ ಆರ್‌ಪಿಐ ಅನ್ನುವ ಅಂಕಿಯಲ್ಲಿ ನಮ್ಮ ಗೆಲುವಿನ ಪ್ರಮಾಣಕ್ಕೆ ಕಾಲುಭಾಗ ತೂಕ, ಎದುರಾಳಿಗಳ ಗೆಲುವಿಗೆ ಅರ್ಧ, ಅವರ ಎದುರಾಳಿಗಳ ಗೆಲುವಿಗೆ ಉಳಿದ ಕಾಲು. ಎಷ್ಟು ಚೆನ್ನಾಗಿ ಆಡಿದಿರಿ ಅನ್ನುವುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. 2018-19ರಿಂದ ಅದನ್ನು ಬಿಟ್ಟು ನೆಟ್ ಅನ್ನುವ ರ‍್ಯಾಂಕಿಂಗ್ ತಂದರು, ಅದರಲ್ಲಿ ಪೊಸೆಷನ್ ಲೆಕ್ಕವೂ ಸೇರಿದೆ. ಅದರ ಜೊತೆ ಬಳಸುವ ಕ್ವಾಡ್ರಂಟ್ ವಿಂಗಡಣೆ ನಿಮಗೂ ಉಪಯೋಗಕ್ಕೆ ಬರುತ್ತದೆ. ತವರಿನಲ್ಲಿ ಮೊದಲ 30ರೊಳಗಿನ ತಂಡ, ತಟಸ್ಥ ಅಂಗಣದಲ್ಲಿ ಮೊದಲ 50ರೊಳಗಿನದು, ಹೊರಗಡೆ ಮೊದಲ 75ರೊಳಗಿನದು ಎದುರಾದರೆ ಅದು ಮೊದಲ ದರ್ಜೆಯ ಪಂದ್ಯ. ಹಾಳೆಯಲ್ಲಿ ಈ ಪಂದ್ಯಗಳಿಗೆ ಬೇರೆ ಬಣ್ಣ ಕೊಡಿ. ತಂಡದ ನಿಜವಾದ ಮುಖ ಅಲ್ಲೇ ಕಾಣುತ್ತದೆ.

ಹಂತ 7: ಅದೃಷ್ಟವನ್ನು ಬೇರ್ಪಡಿಸಿ

ಅಭಿಮಾನಿಗೆ ಎಲ್ಲಕ್ಕಿಂತ ಕಷ್ಟದ ಹಂತ ಇದು. ಸೋತಾಗ ಅದೃಷ್ಟ ಕೆಟ್ಟಿತ್ತು ಅನ್ನುವುದು ಸುಲಭ. ಗೆದ್ದಾಗಲೂ ಅದೇ ಮಾತು ಹೇಳುವ ಧೈರ್ಯ ಬೇಕು.

ಯುಎಂಬಿಸಿ ಎದುರು ವರ್ಜೀನಿಯಾ 22 ತ್ರೀ ಪಾಯಿಂಟರ್ ಹೊಡೆದು 4 ಮಾತ್ರ ಹಾಕಿತು. ನೂರಕ್ಕೆ 38 ಹಾಕುವ ತಂಡ ಅಂತ ಇಟ್ಟುಕೊಂಡು ಲೆಕ್ಕ ಹಾಕಿ. 22ಕ್ಕೆ ಎಂಟು ಚಿಲ್ಲರೆ ಬೀಳಬೇಕು. ಅಂಥ ತಂಡಕ್ಕೆ 22ರಲ್ಲಿ 4 ಅಥವಾ ಅದಕ್ಕಿಂತ ಕಡಿಮೆ ಬೀಳುವ ಸಾಧ್ಯತೆ ನೂರಕ್ಕೆ 4. ಅಂದರೆ 25 ಪಂದ್ಯಕ್ಕೆ ಒಮ್ಮೆ ಇಂಥ ರಾತ್ರಿ ಬರುತ್ತದೆ. 35 ಪಂದ್ಯ ಆಡುವ ಸೀಸನ್‌ನಲ್ಲಿ ಒಂದಾದರೂ ಬರುವುದು ಸಹಜ. ವರ್ಜೀನಿಯಾಕ್ಕೆ ಅದು ಸೋತರೆ ಮನೆಗೆ ಹೋಗುವ ಪಂದ್ಯದಲ್ಲೇ ಬಂತು.

ಸೂತ್ರ ಗೊತ್ತಿಲ್ಲದಿದ್ದರೂ ಇದನ್ನು ನೀವೇ ಮಾಡಿ ನೋಡಬಹುದು. ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಸಾಲಿಗೆ 22 ಖಾನೆ, ಪ್ರತಿ ಖಾನೆಯಲ್ಲೂ 0ಯಿಂದ 1ರ ನಡುವಿನ ಯಾವುದೋ ಒಂದು ಸಂಖ್ಯೆ ಬರುವ ಹಾಗೆ ಮಾಡಿ. 0.38ಕ್ಕಿಂತ ಕಡಿಮೆ ಬಂದರೆ ಬಾಸ್ಕೆಟ್. ಅಂಥ 1000 ಸಾಲು ಎಳೆಯಿರಿ. ಎಷ್ಟು ಸಾಲಿನಲ್ಲಿ 4 ಅಥವಾ ಕಡಿಮೆ ಬಂತು ಎಣಿಸಿ. 40ರ ಆಸುಪಾಸು ಬರುತ್ತದೆ. ಕಣ್ಣಾರೆ ನೋಡಿದಾಗ ಅದೃಷ್ಟ ಅನ್ನುವುದು ಎಷ್ಟು ದೊಡ್ಡದು ಅಂತ ತಿಳಿಯುತ್ತದೆ.

ಇದೇ ಕಾರಣಕ್ಕೆ ಹತ್ತು ಪಂದ್ಯದ ತ್ರೀ ಪಾಯಿಂಟ್ ಶೇಕಡಾ ನೋಡಿ ಯಾರನ್ನೂ ಹೊಗಳಬೇಡಿ, ತೆಗಳಲೂ ಬೇಡಿ. 200 ಪ್ರಯತ್ನದ ಅಂಕಿ ಮೂರೂವರೆ ಶೇಕಡಾದಷ್ಟು ಆಚೀಚೆ ಆಗುವುದು ಮಾಮೂಲು. 600 ಆದಾಗಲೂ ಎರಡು ಶೇಕಡಾ ಅಲುಗಾಟ ಇರುತ್ತದೆ.

ಎದುರಾಳಿಯ ತ್ರೀ ಪಾಯಿಂಟರ್ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಎದುರಾಳಿ ಹೊಡೆದ ತ್ರೀ ಪಾಯಿಂಟರ್ ಬೀಳುತ್ತಾ ಬೀಳಲ್ವಾ ಅನ್ನುವುದರ ಮೇಲೆ ಡಿಫೆನ್ಸ್‌ಗೆ ಹಿಡಿತ ಕಡಿಮೆ. ಎಷ್ಟು ಹೊಡೆಯಲು ಬಿಟ್ಟೆವು ಅನ್ನುವುದರ ಮೇಲೆ ಹಿಡಿತ ಜಾಸ್ತಿ. ಆದ್ದರಿಂದ ಎದುರಾಳಿಯ ಒಟ್ಟು ಶಾಟ್‌ನಲ್ಲಿ ತ್ರೀ ಪಾಯಿಂಟರ್ ಪಾಲು ಎಷ್ಟು ಅಂತ ಬರೆದಿಡಿ. ಯುಎಂಬಿಸಿಯ 48 ಶಾಟ್‌ನಲ್ಲಿ 24 ತ್ರೀ ಪಾಯಿಂಟರ್. ಸರಿಯಾಗಿ ಅರ್ಧ! ಇದು ಬರೀ ಅದೃಷ್ಟ ಅಲ್ಲ. ಟೋನಿ ಬೆನೆಟ್ ಆಡಿಸುತ್ತಿದ್ದ ಪ್ಯಾಕ್ ಲೈನ್ ಡಿಫೆನ್ಸ್ ಅವರ ತಂದೆ ಡಿಕ್ ಬೆನೆಟ್ ರೂಪಿಸಿದ್ದು. ಚೆಂಡು ಹಿಡಿದವನ ಮೈಮೇಲೆ ಒಬ್ಬ ಬೀಳುತ್ತಾನೆ. ಉಳಿದ ನಾಲ್ವರು ತ್ರೀ ಪಾಯಿಂಟ್ ಗೆರೆಯಿಂದ ಎರಡು ಅಡಿಯಷ್ಟು ಒಳಗೆ ಒಂದು ಕಾಣದ ಗೆರೆಯ ಹಿಂದೆ ಒತ್ತಾಗಿ ನಿಲ್ಲುತ್ತಾರೆ. ಒಳಗೆ ನುಗ್ಗಲು ಜಾಗ ಇಲ್ಲ, ದೂರದಿಂದ ಹೊಡೆಯಲು ಜಾಗ ಇದೆ. ಅಂದರೆ ಆ 24 ಪ್ರಯತ್ನ ತಂಡ ತಾನೇ ಒಪ್ಪಿಕೊಂಡ ಅಪಾಯ. ಅದರಲ್ಲಿ 12 ಬಿದ್ದದ್ದು ಕೆಟ್ಟ ರಾತ್ರಿ. ಎರಡನ್ನೂ ಹೀಗೆ ಬೇರೆ ಮಾಡಿ ನೋಡುವುದೇ ವಿಶ್ಲೇಷಣೆ.

ಇನ್ನು 2019ರ ಟೂರ್ನಿಯ ಕಡೆಗೆ. ಪರ್ಡ್ಯೂ ಎದುರು ಮಾಮಡಿ ಡಿಯಾಕಿಟೆ ಸಮಯ ಮುಗಿಯುವ ಗಳಿಗೆಯಲ್ಲಿ ಹೊಡೆದ ಶಾಟ್ ಬೀಳದಿದ್ದರೆ ಓವರ್‌ಟೈಮೇ ಇಲ್ಲ, ಅಲ್ಲಿಗೇ ಕಥೆ ಮುಗಿಯುತ್ತಿತ್ತು. ಆಬರ್ನ್ ಎದುರು 0.6 ಸೆಕೆಂಡ್ ಉಳಿದಾಗ ಕೈಲ್ ಗೈ ಮೂರು ಫ್ರೀ ಥ್ರೋ ಹಾಕಿ 63-62ರಿಂದ ಗೆಲ್ಲಿಸಿದ. ಫೈನಲ್‌ನಲ್ಲಿ ಕೊನೆಯ 13 ಸೆಕೆಂಡಿನೊಳಗೆ ಹಂಟರ್ ತ್ರೀ ಪಾಯಿಂಟರ್ ಹಾಕಿ 68-68 ಮಾಡಿದ. ಮೂರು ಪಂದ್ಯದಲ್ಲೂ ಸೋಲು ಕೈಯಳತೆಯಲ್ಲಿತ್ತು. ಎರಡೂ ವರ್ಷದ ಬಲ ಹೆಚ್ಚುಕಡಿಮೆ ಒಂದೇ. ಲೀಗ್‌ನಲ್ಲಿ 2018ರಲ್ಲಿ 17 ಗೆಲುವು 1 ಸೋಲು, 2019ರಲ್ಲಿ 16 ಗೆಲುವು 2 ಸೋಲು. ಒಂದು ವರ್ಷ ಶಾಟ್ ಬೀಳಲಿಲ್ಲ, ಇನ್ನೊಂದು ವರ್ಷ ಬಿತ್ತು. ಗೆದ್ದ ವರ್ಷದ ಸಂತೋಷ ಇದರಿಂದ ನನಗೆ ಕಡಿಮೆಯಾಗಲಿಲ್ಲ. ಆ ಮೂರು ಫ್ರೀ ಥ್ರೋಗಳ ಬೆಲೆ ಇನ್ನೂ ಜಾಸ್ತಿಯಾಯಿತು.

ಹಂತ 8: ಹಾಳೆಯಲ್ಲಿ ಇಲ್ಲದ್ದನ್ನು ಬರೆದಿಡಿ

ಪ್ರತಿ ಸಾಲಿನ ಕೊನೆಗೆ ಟಿಪ್ಪಣಿಗೆ ಒಂದು ಕಾಲಂ ಬಿಡಿ. ಯುಎಂಬಿಸಿ ಪಂದ್ಯಕ್ಕೆ ನನ್ನ ಟಿಪ್ಪಣಿ: "ಹಂಟರ್ ಇಲ್ಲ, ಮಣಿಕಟ್ಟು ಮುರಿದಿದೆ." ಮರುವರ್ಷ ಫೈನಲ್‌ನಲ್ಲಿ 27 ಹಾಕಿದ ಅದೇ ಹಂಟರ್. ಬಾಕ್ಸ್ ಸ್ಕೋರ್‌ನಲ್ಲಿ ಆಡಿದವರ ಹೆಸರಿರುತ್ತದೆ, ಆಡದವರದ್ದು ಇರುವುದಿಲ್ಲ. ಗಾಯ, ಬೇಗ ಬಿದ್ದ ಫೌಲ್, 25 ಪಾಯಿಂಟ್ ಮುಂದಿದ್ದಾಗ ಬೆಂಚಿನವರು ಆಡಿದ ಕೊನೆಯ ಐದು ನಿಮಿಷ, ಇವೆಲ್ಲ ಟಿಪ್ಪಣಿಯಲ್ಲಿ ಬರಲಿ. ಅಂಕಿ ವಿಚಿತ್ರ ಅನ್ನಿಸಿದಾಗ ಮೊದಲು ನೋಡಬೇಕಾದದ್ದು ಈ ಕಾಲಂ.

ನಮ್ಮ ಊರಿನ ಕಾಲೇಜು ಪಂದ್ಯಕ್ಕೆ

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಅಂತರ ಕಾಲೇಜು ಪಂದ್ಯ ನೋಡಲು ಹೋದರೆ ಬಾಕ್ಸ್ ಸ್ಕೋರ್ ಯಾರೂ ಕೊಡುವುದಿಲ್ಲ. ಟೇಬಲ್ ಮೇಲಿನ ಸ್ಕೋರ್‌ಶೀಟ್‌ನಲ್ಲಿ ಪಾಯಿಂಟ್, ಫೌಲ್ ಮಾತ್ರ ಇರುತ್ತದೆ. ನೀವೇ ಬರೆಯಬೇಕು. ಇಬ್ಬರಿದ್ದರೆ ಸಲೀಸು. ಒಬ್ಬರು ಆಟದಿಂದ ಕಣ್ಣು ತೆಗೆಯದೆ ಹೇಳುತ್ತಾ ಹೋಗುವುದು, ಇನ್ನೊಬ್ಬರು ತಲೆ ಎತ್ತದೆ ಬರೆಯುವುದು. ಪ್ರತಿ ಸರದಿಗೆ ಒಂದು ಗುರುತು ಸಾಕು. 2 ಬರೆದು ಸುತ್ತು ಹಾಕಿದರೆ ಬಿದ್ದ ಶಾಟ್, ಸುತ್ತು ಇಲ್ಲದಿದ್ದರೆ ತಪ್ಪಿದ್ದು. 3ಕ್ಕೂ ಹಾಗೇ. ಟರ್ನೋವರ್‌ಗೆ "ಟ". ತಪ್ಪಿದ ಶಾಟ್ ನಮ್ಮವರೇ ಹಿಡಿದರೆ "ರೀ" ಬರೆದು ಅದೇ ಸಾಲಿನಲ್ಲಿ ಮುಂದುವರಿಸಿ. ಚೆಂಡು ಎದುರಾಳಿಗೆ ಹೋದಾಗ ಹೊಸ ಸಾಲು. ಈ ಪದ್ಧತಿಯಲ್ಲಿ ಒಂದು ದೊಡ್ಡ ಲಾಭ ಇದೆ: ಸಾಲು ಎಣಿಸಿದರೆ ಅದೇ ಪೊಸೆಷನ್, ಸೂತ್ರದ ಅಗತ್ಯವೇ ಇಲ್ಲ.

ಇಲ್ಲಿ ಆಡುವುದು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫೀಬಾ ನಿಯಮದಂತೆ, 10 ನಿಮಿಷದ ನಾಲ್ಕು ಕ್ವಾರ್ಟರ್, ಶಾಟ್‌ಗೆ 24 ಸೆಕೆಂಡ್. ಅಮೆರಿಕದ ಕಾಲೇಜಿನಲ್ಲಿ 30 ಸೆಕೆಂಡ್. ಹಾಗಾಗಿ ಅಲ್ಲಿಯ ಪೊಸೆಷನ್ ಸಂಖ್ಯೆಯನ್ನು ಇಲ್ಲಿಯದರ ಜೊತೆ ಹೋಲಿಸಬೇಡಿ. ಸೂತ್ರ ಬಳಸುವುದಾದರೆ 0.475ರ ಬದಲು 0.44 ಹಾಕಿ.

ಹಂತ 9: ಪಂದ್ಯಕ್ಕೆ ಮುಂಚೆ ಬರೆಯಿರಿ

ಆಟ ಮುಗಿದ ಮೇಲೆ ಎಲ್ಲರಿಗೂ ಎಲ್ಲ ಗೊತ್ತಿರುತ್ತದೆ. ನಿಮ್ಮ ಲೆಕ್ಕಕ್ಕೆ ಬೆಲೆ ಇದೆಯಾ ಅಂತ ತಿಳಿಯಲು ಮುಂಚೆಯೇ ಬರೆದಿಡಬೇಕು.

ಲೆಕ್ಕ ಸುಲಭ. ನಮ್ಮ ಆಫೆನ್ಸ್ (ನೂರು ಪೊಸೆಷನ್‌ಗೆ ಹಾಕುವ ಪಾಯಿಂಟ್) 116, ಡಿಫೆನ್ಸ್ (ಬಿಟ್ಟುಕೊಡುವ ಪಾಯಿಂಟ್) 92. ಎದುರಾಳಿ ಆಫೆನ್ಸ್ 108, ಡಿಫೆನ್ಸ್ 98. ಎಲ್ಲರ ಸರಾಸರಿ 103. ನಮಗೆ 116 + 98 − 103 = 111. ಅವರಿಗೆ 108 + 92 − 103 = 97. ವೇಗಕ್ಕೂ ಇದೇ ರೀತಿ: ನಮ್ಮದು 59, ಅವರದು 68, ಸರಾಸರಿ 67 ಇದ್ದರೆ 59 + 68 − 67 = 60 ಪೊಸೆಷನ್. ನೂರಕ್ಕೆ 111 ಅಂದರೆ 60ಕ್ಕೆ 66.6. ನೂರಕ್ಕೆ 97 ಅಂದರೆ 58.2. ತವರಿನ ಲಾಭ ಸುಮಾರು 3 ಪಾಯಿಂಟ್. ಪಂದ್ಯ ಅವರ ಅಂಗಣದಲ್ಲಿದ್ದರೆ ನಮ್ಮಿಂದ ಒಂದೂವರೆ ಕಳೆದು ಅವರಿಗೆ ಒಂದೂವರೆ ಕೂಡಿ. 65-60. ತಾರೀಖು ಹಾಕಿ ಬರೆಯಿರಿ.

ಪಂದ್ಯ ಮುಗಿದ ಮೇಲೆ ಪಕ್ಕದಲ್ಲಿ ನಿಜವಾದ ಸ್ಕೋರ್, ಅದರ ಪಕ್ಕದಲ್ಲಿ ಎಷ್ಟು ತಪ್ಪಿತು ಅಂತ. ಒಂದೊಂದು ಪಂದ್ಯದಲ್ಲಿ ಹತ್ತು ಪಾಯಿಂಟ್ ತಪ್ಪುವುದು ಮಾಮೂಲು, ಗಾಬರಿ ಬೇಡ. ಹದಿನೈದು ಪಂದ್ಯದ ನಂತರ ನೋಡಿ. ತಪ್ಪು ಯಾವಾಗಲೂ ನಿಮ್ಮ ತಂಡದ ಕಡೆಗೇ ವಾಲುತ್ತಿದ್ದರೆ, ಎಲ್ಲೋ ಪ್ರೀತಿ ಅಂಕಿಯೊಳಗೆ ಸೇರಿಕೊಂಡಿದೆ. ಎದುರಾಳಿಯ ಡಿಫೆನ್ಸ್ ಅಂಕಿಗಳನ್ನು ಮೊದಲು ಪರೀಕ್ಷಿಸಿ, ನನ್ನ ಹಾಳೆಯಲ್ಲಿ ತಪ್ಪು ಜಾಸ್ತಿ ಸಿಕ್ಕಿದ್ದು ಅಲ್ಲೇ.

ಕಾಲೇಜು ಸೀಸನ್ ಶುರುವಾಗುವುದು ನವೆಂಬರ್ ಮೊದಲ ವಾರದಲ್ಲಿ. ಕಾಲಂಗಳನ್ನು ಈಗಲೇ ಹಾಕಿಟ್ಟು, ಕಳೆದ ಸೀಸನ್ನಿನ ಯಾವುದಾದರೂ ಐದು ಪಂದ್ಯ ತುಂಬಿಸಿ ನೋಡಿ. ಎರಡು ತಂಡಗಳ ಪೊಸೆಷನ್ ಹತ್ತಿರ ಹತ್ತಿರ ಬಂದರೆ ನಿಮ್ಮ ಹಾಳೆ ಸಿದ್ಧ.